ಪರೀಕ್ಷೆಗೆ ಬಸ್ಸು, ಪಾಠಕ್ಕೆ ಬೀಗ!

ಕೊರೋನ ಹೋಯಿತು. ಮಾಸ್ಕ್ ಹೋಯಿತು. ಮಕ್ಕಳು ದೂರ ದೂರ ನಿಲ್ಲಲಿ ಎಂದು ಶಾಲೆ ಜಗಲಿಯಲ್ಲಿ ಬರೆದ ಬಿಳಿ ವೃತ್ತಗಳೂ ಎರಡು ಮಳೆಗಾಲಕ್ಕೆ ತೊಳೆದು ಹೋದವು. ಉಳಿದದ್ದು ಸುತ್ತೋಲೆಗಳ ಕಟ್ಟು ಮಾತ್ರ. ಆ ಕಟ್ಟನ್ನು ಈಗ ಬಿಚ್ಚಿ ಎಂತ ಮಾಡಲಿಕ್ಕುಂಟು ಎಂದು ಓದುಗರು ಕೇಳಬಹುದು. ಉಂಟು ಮಾರಾಯ್ರೇ, ಬೇಕಾದಷ್ಟು ಉಂಟು. ಮಕ್ಕಳ ಮೂಗಿಗೆ ಕಡ್ಡಿ ಹಾಕುವ, ಮಕ್ಕಳನ್ನು ಮನೆಯಲ್ಲಿ ಕೂರಿಸುವ, ಶಾಲೆ ಗೇಟಿಗೆ ಬೀಗ ಜಡಿಯುವ ವಿಷಯದಲ್ಲಿ 2020ರಿಂದ 2022ರ ತನಕ ಏನೇನು ನಡೆಯಿತು ಎಂಬ ಲೆಕ್ಕ ಊರಿನವರ ಮುಂದೆ ಸರಿಯಾಗಿ ಬಂದದ್ದಿಲ್ಲ. ಇನ್ನೊಂದು ಜ್ವರ ಬಂದು ಬಾಗಿಲು ಬಡಿಯುವ ಮೊದಲು ಈ ಲೆಕ್ಕ ನೋಡುವುದು ಒಳ್ಳೆಯದು.

ಕಟ್ಟನ್ನು ತಿರುವಿ ಹಾಕಿದರೆ ಒಂದು ವಿಷಯ ಕಣ್ಣಿಗೆ ರಾಚುತ್ತದೆ. ಪಬ್ಲಿಕ್ ಪರೀಕ್ಷೆ ನಡೆಸಬೇಕು ಎಂದಾಗ ಸರಕಾರಕ್ಕೆ ನೂರು ದಾರಿ ಸಿಕ್ಕಿತು. ದಿನದ ಪಾಠ ನಡೆಸಬೇಕು ಎಂದಾಗ ಕೈಗೆ ಸಿಕ್ಕಿದ್ದು ಬೀಗದ ಕೀ ಒಂದೇ.

ಮನಸ್ಸಿದ್ದರೆ ಮಾರ್ಗ

2020ರ ಎಸ್‌ಎಸ್‌ಎಲ್‌ಸಿಯನ್ನು ನೆನಪು ಮಾಡಿಕೊಳ್ಳಿ. ಮಾರ್ಚ್ 27ಕ್ಕೆ ಶುರುವಾಗಬೇಕಿದ್ದ ಪರೀಕ್ಷೆ ಲಾಕ್‌ಡೌನಿನಿಂದ ನಿಂತಿತು. ಪಕ್ಕದ ತೆಲಂಗಾಣ, ತಮಿಳುನಾಡು ಜೂನಿನಲ್ಲಿ ಹತ್ತನೆಯ ಪರೀಕ್ಷೆಯನ್ನೇ ರದ್ದು ಮಾಡಿ ಎಲ್ಲರನ್ನೂ ಪಾಸು ಮಾಡಿಬಿಟ್ಟವು. ಇಲ್ಲಿಯೂ ರದ್ದು ಮಾಡಿ ಎಂದು ಬೊಬ್ಬೆ ಎದ್ದಿತು. ಆಗ ಶಿಕ್ಷಣ ಸಚಿವರಾಗಿದ್ದ ಎಸ್. ಸುರೇಶ್ ಕುಮಾರ್ ಬಗ್ಗಲಿಲ್ಲ. ಜೂನ್ 25ಕ್ಕೆ ಪರೀಕ್ಷೆ ಶುರುವಾಗಿಯೇ ಬಿಟ್ಟಿತು. ಹೆಸರು ನೋಂದಾಯಿಸಿದವರು ಸುಮಾರು 8 ಲಕ್ಷ 48 ಸಾವಿರ ಮಕ್ಕಳು.

ಅದಕ್ಕೆ ಮಾಡಿದ ತಯಾರಿ ಸಣ್ಣದಲ್ಲ. ಒಂದು ಕೋಣೆಯಲ್ಲಿ ಕೂರುವವರ ಸಂಖ್ಯೆ ಇಳಿಸಿದರು. ಗೇಟಿನಲ್ಲಿ ಹಣೆಗೆ ಯಂತ್ರ ಹಿಡಿದು ಜ್ವರ ನೋಡಿದರು. ಜ್ವರ ಇದ್ದವನನ್ನು ಮನೆಗೆ ಅಟ್ಟಲಿಲ್ಲ, ಬೇರೆ ಕೋಣೆಯಲ್ಲಿ ಕೂರಿಸಿ ಬರೆಸಿದರು. ಸೀಲ್‌ಡೌನ್ ಆದ ಬೀದಿಗಳಿಂದ ಬಂದವರಿಗೂ ಬೇರೆ ಕೋಣೆ. ಹಾಲ್ ಟಿಕೆಟ್ ತೋರಿಸಿದವರಿಗೆ ಕೆಎಸ್‌ಆರ್‌ಟಿಸಿ ಬಸ್ಸು ಫ್ರೀ. ನಮ್ಮ ಜಿಲ್ಲೆಯ ಶಾಲೆಗಳಲ್ಲಿ ಕಲಿಯುವ ಕಾಸರಗೋಡು ಕಡೆಯ ಮಕ್ಕಳನ್ನು ಗಡಿಯಿಂದ ಬಸ್ಸಿನಲ್ಲಿ ಕೇಂದ್ರಕ್ಕೆ ತಂದು, ಬರೆಸಿ, ವಾಪಸು ಗಡಿಗೆ ಬಿಟ್ಟರು. ಗಮನಿಸಿ, ಎರಡು ರಾಜ್ಯಗಳ ನಡುವೆ ಓಡಾಟವೇ ಕಷ್ಟವಾಗಿದ್ದ ದಿನಗಳು ಅವು. ಆದರೂ ಬಸ್ಸು ಹೋಯಿತು, ಬಸ್ಸು ಬಂತು.

ಫಲ ಏನಾಯಿತು? ಪರೀಕ್ಷೆ ಮುಗಿಯುವ ಹೊತ್ತಿಗೆ ಸಿಕ್ಕ ಲೆಕ್ಕದ ಪ್ರಕಾರ ಸೋಂಕು ಕಂಡ ವಿದ್ಯಾರ್ಥಿಗಳು 32. ಅವರ ಸಂಪರ್ಕದಿಂದ ಮನೆಯಲ್ಲಿ ಕ್ವಾರಂಟೈನ್ ಆದವರು 80. ಏಳೂವರೆ ಲಕ್ಷ ಮಕ್ಕಳು ಕೂತು ಎದ್ದ ಪರೀಕ್ಷೆಗೆ ಇಷ್ಟು. ಈ 32 ಮಂದಿಗೆ ಸೋಂಕು ಕೇಂದ್ರದಲ್ಲಿಯೇ ಬಂತೋ, ಮನೆಯಲ್ಲಿ ಬಂತೋ ಅದು ಬೇರೆ ಮಾತು.

2021ರಲ್ಲಿಯೂ ಇದೇ ಕತೆ. ಎರಡನೆಯ ಅಲೆ ಇಳಿಯುತ್ತಿದ್ದಂತೆ ಜುಲೈ 19 ಮತ್ತು 22ರಂದು ಎರಡೇ ದಿನದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದರು. ಕೋಣೆಗೆ 12 ಮಕ್ಕಳು. ಪಾಸಿಟಿವ್ ಬಂದ ಮಕ್ಕಳಿಗೆ ಕೋವಿಡ್ ಕೇರ್ ಸೆಂಟರಿನಲ್ಲಿಯೇ ಪ್ರಶ್ನೆಪತ್ರಿಕೆ. ಅಂದರೆ ಸೋಂಕು ತಗುಲಿದ ಮಗುವೂ ಬರೆಯಬಹುದು, ಜ್ವರದ ಮಗುವೂ ಬರೆಯಬಹುದು, ಗಡಿಯಾಚೆಯ ಮಗುವೂ ಬರೆಯಬಹುದು ಎಂದು ಇಲಾಖೆಯೇ ಎರಡು ಸಲ ಮಾಡಿ ತೋರಿಸಿತು. ಭೇಷ್ ಅನ್ನೋಣ.

ಆದರೆ ಈ ಬುದ್ಧಿ ಪರೀಕ್ಷೆಯ ಗಂಟೆ ಹೊಡೆದ ಮೇಲೆ ಎಲ್ಲಿ ಹೋಯಿತು?

ಮರದಡಿಯ ಪಾಠ

2020ರ ಆಗಸ್ಟಿನಲ್ಲಿ 'ವಿದ್ಯಾಗಮ' ಎಂಬ ಯೋಜನೆ ಬಂತು. ಶಾಲೆಗೆ ಮಕ್ಕಳು ಬರುವುದು ಬೇಡ, ಮಾಷ್ಟ್ರೇ ಮಕ್ಕಳಿದ್ದಲ್ಲಿಗೆ ಹೋಗುವುದು. ದೇವಸ್ಥಾನದ ಅಂಗಳ, ಭಜನಾ ಮಂದಿರ, ಮರದ ಅಡಿ, ಯಾರದೋ ಮನೆಯ ಚಾವಡಿ, ಎಲ್ಲೆಂದರಲ್ಲಿ ಪಾಠ. ಕಾಸು ಕಡಿಮೆ, ಕೆಲಸ ಜಾಸ್ತಿಯ ಯೋಜನೆ. ಮೊಬೈಲ್ ಇಲ್ಲದ ಮನೆಯ ಮಕ್ಕಳಿಗೆ ಅದೊಂದೇ ಶಾಲೆ.

ಎರಡು ತಿಂಗಳು ನಡೆಯಿತು. ಅಲ್ಲಲ್ಲಿ ಮಾಷ್ಟ್ರುಗಳಿಗೆ, ಮಕ್ಕಳಿಗೆ ಸೋಂಕು ಬಂತೆಂಬ ಸುದ್ದಿ ಬಂತು. ಶಿಕ್ಷಕರು ತೀರಿಕೊಂಡ ಸುದ್ದಿಯೂ ಬಂತು. ಅಕ್ಟೋಬರ್ 10ಕ್ಕೆ ಇಡೀ ರಾಜ್ಯದಲ್ಲಿ ವಿದ್ಯಾಗಮ ಬಂದ್. ಮತ್ತೆ ಶುರುವಾದದ್ದು 2021ರ ಜನವರಿ 1ಕ್ಕೆ, ಅದೂ ಶಾಲೆ ಕಾಂಪೌಂಡಿನ ಒಳಗೆ.

ಜೀವಕ್ಕಿಂತ ಪಾಠ ದೊಡ್ಡದು ಎಂದು ಯಾರೂ ಹೇಳುವುದಿಲ್ಲ. ಮಾಷ್ಟ್ರುಗಳ ಮನೆಯಲ್ಲಿಯೂ ಅಜ್ಜ ಅಜ್ಜಿ ಇರುತ್ತಾರೆ. ಪ್ರಶ್ನೆ ಬೇರೆ. ಒಂದು ಊರಿನಲ್ಲಿ ಸೋಂಕು ಬಂದರೆ ಆ ಊರಿನ ಪಾಠ ಎಷ್ಟು ದಿನ ನಿಲ್ಲಬೇಕು, ಯಾರನ್ನು ಪರೀಕ್ಷೆ ಮಾಡಬೇಕು, ಯಾವ ದಿನ ಮತ್ತೆ ಶುರು ಮಾಡಬೇಕು ಎಂಬ ನಿಯಮ ಊರೂರಿನ ಹೆಡ್ಮಾಷ್ಟ್ರ ಕೈಯಲ್ಲಿ ಇದ್ದಿದ್ದರೆ, ಒಂದು ಮೂಲೆಯ ಸೋಂಕಿಗೆ ಇನ್ನೊಂದು ಮೂಲೆಯ ಮರದಡಿಯ ಪಾಠವೂ ನಿಲ್ಲುತ್ತಿರಲಿಲ್ಲ. ಜ್ವರ ಬಂದವನಿಗೆ ಬೇರೆ ಕೋಣೆ ಎಂಬ ಎಸ್‌ಎಸ್‌ಎಲ್‌ಸಿಯ ಪಾಠವನ್ನು ಇಲಾಖೆ ಮೂರೇ ತಿಂಗಳಲ್ಲಿ ಮರೆಯಿತು.

ಜನವರಿಯಲ್ಲಿ ಹತ್ತನೆಯ ಕ್ಲಾಸು, ದ್ವಿತೀಯ ಪಿಯುಸಿ ಶುರುವಾಗುವಾಗ ಇನ್ನೊಂದು ಕಾಗದ ಸೇರಿಕೊಂಡಿತು. ಹೆತ್ತವರ ಒಪ್ಪಿಗೆ ಪತ್ರ. ಮಗುವನ್ನು ಕಳಿಸುವುದು ನಿಮ್ಮ ಇಷ್ಟ, ಸಹಿ ಹಾಕಿ ಕೊಡಿ ಎಂದು. ಬೀಡಿ ಕಟ್ಟುವ ಅಮ್ಮ, ಗಾರೆ ಕೆಲಸದ ಅಪ್ಪ ಆ ಕಾಗದದಲ್ಲಿ ಏನುಂಟು ಎಂದು ಓದಿ ಸಹಿ ಹಾಕಿದರೋ, ಓದದೆ ಹಾಕಿದರೋ! ನಾಳೆ ಹೆಚ್ಚು ಕಡಿಮೆಯಾದರೆ ಹೊಣೆ ಯಾರದು ಎಂಬುದು ಮಾತ್ರ ಆ ಸಹಿಯಲ್ಲಿ ತೀರ್ಮಾನವಾದಂತಿತ್ತು.

ಶೇಕಡಾ ಎರಡರ ಮಾಯೆ

ಎರಡನೆಯ ಅಲೆಯ ಭೀಕರತೆಯನ್ನು ಯಾರೂ ಮರೆತಿಲ್ಲ. 2021ರ ಮೇ ತಿಂಗಳಲ್ಲಿ ಚಾಮರಾಜನಗರದ ಆಸ್ಪತ್ರೆಯಲ್ಲಿ ಒಂದೇ ದಿನದೊಳಗೆ 24 ಮಂದಿ ತೀರಿಕೊಂಡ ರಾಜ್ಯ ಇದು. ಆಗ ಶಾಲೆ ತೆರೆಯಿರಿ ಎಂದವನಿಗೆ ಪೆಟ್ಟು ಬೀಳುತ್ತಿತ್ತು. ಆ ಹೊತ್ತಿನಲ್ಲಿ ಮುಚ್ಚಿದ್ದು ತಪ್ಪಲ್ಲ.

ಅಲೆ ಇಳಿದ ಮೇಲಿನ ಕತೆ ಕೇಳಿ. ಆಗಸ್ಟ್ 23ಕ್ಕೆ ಒಂಬತ್ತರಿಂದ ಹನ್ನೆರಡನೆಯ ತನಕ ತರಗತಿ ಶುರು ಎಂದು ಆದೇಶವಾಯಿತು. ಷರತ್ತು ಒಂದೇ. ತಾಲೂಕಿನ ಪಾಸಿಟಿವಿಟಿ ಶೇಕಡಾ 2ಕ್ಕಿಂತ ಕಡಿಮೆ ಇರಬೇಕು. ಅಂದರೆ ಪರೀಕ್ಷೆ ಮಾಡಿದ ನೂರು ಜನರಲ್ಲಿ ಇಬ್ಬರಿಗಿಂತ ಕಡಿಮೆ ಮಂದಿಗೆ ಸೋಂಕು ಇರಬೇಕು. ದಕ್ಷಿಣ ಕನ್ನಡ, ಉಡುಪಿ, ಕೊಡಗು, ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಮಕ್ಕಳಿಗೆ ಆ ದಿನ ಗಂಟೆ ಹೊಡೆಯಲಿಲ್ಲ. ಬೇರೆ ಜಿಲ್ಲೆಯ ಮಕ್ಕಳು ಚೀಲ ಹೆಗಲಿಗೇರಿಸಿ ಹೊರಟರು. ನಮ್ಮ ಮಕ್ಕಳು ಟಿವಿಯಲ್ಲಿ ಅದನ್ನು ನೋಡಿದರು.

ಈ ಶೇಕಡಾ ಲೆಕ್ಕದೊಳಗೆ ಒಂದು ಮಾಯೆ ಉಂಟು. ಉದಾಹರಣೆಗೆ ಒಂದು ತಾಲೂಕಿನಲ್ಲಿ 1,000 ಮಂದಿಯನ್ನು ಪರೀಕ್ಷೆ ಮಾಡಿದರು ಎನ್ನಿ. 25 ಮಂದಿಗೆ ಪಾಸಿಟಿವ್. ಶೇಕಡಾ ಎರಡೂವರೆ. ಶಾಲೆ ಬಂದ್. ಅದೇ ತಾಲೂಕಿನಲ್ಲಿ ಬಸ್ ಸ್ಟ್ಯಾಂಡಿನಲ್ಲಿ, ಸಂತೆಯಲ್ಲಿ ನಿಂತ ಇನ್ನು 500 ಆರೋಗ್ಯವಂತರ ಮೂಗಿಗೂ ಕಡ್ಡಿ ಹಾಕಿದರು ಎನ್ನಿ. ಅವರಲ್ಲಿ ಯಾರಿಗೂ ಇಲ್ಲ. ಈಗ 1,500ಕ್ಕೆ 25. ಒಂದೂ ಮುಕ್ಕಾಲಿಗಿಂತ ಕಡಿಮೆ. ಶಾಲೆ ಓಪನ್! ಸೋಂಕಿತರು ಅದೇ 25 ಮಂದಿ. ರೋಗ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ. ಯಾರನ್ನು ಪರೀಕ್ಷೆ ಮಾಡಿದಿರಿ ಎಂಬುದರ ಮೇಲೆ ಶಾಲೆಯ ಬೀಗ ನಿಂತಿತ್ತು ಎಂದ ಹಾಗಾಯಿತು.

ಇನ್ನೊಂದು ವಿಷಯ. ಐಸಿಎಂಆರ್‌ನವರು 2021ರ ಜೂನ್-ಜುಲೈಯಲ್ಲಿ ದೇಶದ ಹಲವು ಕಡೆ ರಕ್ತ ಪರೀಕ್ಷೆ ಮಾಡಿ ನೋಡಿದರು. 6ರಿಂದ 9 ವರ್ಷದ ಮಕ್ಕಳಲ್ಲಿ ಶೇಕಡಾ 57.2, 10ರಿಂದ 17ರವರಲ್ಲಿ ಶೇಕಡಾ 61.6 ಮಂದಿಯ ರಕ್ತದಲ್ಲಿ ಸೋಂಕು ಬಂದು ಹೋದ ಗುರುತು ಇತ್ತು. ಆಗ ಈ ವಯಸ್ಸಿನವರಿಗೆ ಲಸಿಕೆಯೇ ಇರಲಿಲ್ಲ. ಶಾಲೆ ಹೆಚ್ಚಾಗಿ ಮುಚ್ಚಿಯೇ ಇತ್ತು. ಗೇಟಿಗೆ ಬೀಗ ಹಾಕಿದರೂ ಸೋಂಕು ಮನೆಯ ಬಾಗಿಲಿನಿಂದ ಒಳಗೆ ಬಂದಿತ್ತು ಅಂತಾಯಿತು. ಶಾಲೆ ತೆರೆಯುವುದಾದರೆ ಮೊದಲು ಸಣ್ಣ ಮಕ್ಕಳದ್ದನ್ನೇ ತೆರೆಯಬಹುದು ಎಂದು ಐಸಿಎಂಆರ್ ಮುಖ್ಯಸ್ಥರಾಗಿದ್ದ ಡಾ. ಬಲರಾಮ ಭಾರ್ಗವ ಆ ಜುಲೈಯಲ್ಲಿ ಹೇಳಿದರು. ನಮ್ಮಲ್ಲಿ ನಡೆದದ್ದು ಉಲ್ಟಾ. ದೊಡ್ಡವರು ಆಗಸ್ಟಿನಲ್ಲಿ, ಆರರಿಂದ ಎಂಟರವರು ಸೆಪ್ಟೆಂಬರಿನಲ್ಲಿ, ಒಂದರಿಂದ ಐದರವರು ಅಕ್ಟೋಬರ್ 25ಕ್ಕೆ, ಎಲ್‌ಕೆಜಿ-ಯುಕೆಜಿಯವರು ನವೆಂಬರಿನಲ್ಲಿ.

ತಲಪಾಡಿ ದಾಟುವ ಹುಡುಗ

ಇನ್ನು ನಮ್ಮ ಗಡಿಯ ಕತೆ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋಯಿತು. ಸರಕಾರ ಆ ಕಡೆ ಹೋದರೂ ಜನರ ಬದುಕು ಈ ಕಡೆಗೇ ಇದೆ. ಮಂಜೇಶ್ವರ, ಉಪ್ಪಳ, ಕುಂಬಳೆಯ ಮಕ್ಕಳು ಕಲಿಯಲಿಕ್ಕೆ ಬರುವುದು ತಲಪಾಡಿ, ತೊಕ್ಕೊಟ್ಟು, ದೇರಳಕಟ್ಟೆ, ಮಂಗಳೂರಿಗೆ. ಅತ್ತ ವಿಟ್ಲ, ಪುತ್ತೂರು, ಸುಳ್ಯದ ಗಡಿಯಲ್ಲಿಯೂ ಹಾಗೆಯೇ. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆ ಮನೆಗೆ. ರಾಜ್ಯ ದಾಟಿದೆ ಎಂಬುದು ಆ ಮಕ್ಕಳಿಗೆ ನೆನಪಿರುವುದೂ ಇಲ್ಲ.

2021ರ ಫೆಬ್ರವರಿಯಲ್ಲಿ ಅದನ್ನು ನೆನಪು ಮಾಡಿಸಿದರು. ಕೇರಳದಲ್ಲಿ ಕೇಸು ಏರಿದೆ, ಹಾಗಾಗಿ ಬರುವವರೆಲ್ಲ 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ನೆಗೆಟಿವ್ ವರದಿ ತರಬೇಕು ಎಂದು ಆದೇಶ. ತಲಪಾಡಿ, ಸಾರಡ್ಕ, ನೆಟ್ಟಣಿಗೆ ಮುಡ್ನೂರು, ಜಾಲ್ಸೂರು, ಈ ನಾಲ್ಕು ಕಡೆ ಬಿಟ್ಟರೆ ಬೇರೆ ಒಳದಾರಿ ಬಂದ್. ಪ್ರತಿಭಟನೆಯಾಯಿತು. ಹೈಕೋರ್ಟಿಗೂ ಹೋಯಿತು. ಸ್ವಲ್ಪ ಸಡಿಲವಾಯಿತು, ಮತ್ತೆ ಬಿಗಿಯಾಯಿತು. ಜುಲೈ 31ಕ್ಕೆ ಇನ್ನೊಂದು ಆದೇಶ. ಎರಡು ಡೋಸ್ ಲಸಿಕೆ ಆದವರಿಗೂ ವರದಿ ಬೇಕು. ದಿನಾ ಬಂದು ಹೋಗುವ ವಿದ್ಯಾರ್ಥಿಗಳು 15 ದಿನಕ್ಕೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಆಗಸ್ಟ್ ಮೊದಲ ವಾರ ಮಂಗಳೂರು-ಕಾಸರಗೋಡು ಬಸ್ಸನ್ನೇ ನಿಲ್ಲಿಸಿದರು. ತಿಂಗಳ ಕೊನೆಗೆ ಕೇರಳದಿಂದ ಬರುವ ವಿದ್ಯಾರ್ಥಿಗಳಿಗೆ ಏಳು ದಿನದ ಸಾಂಸ್ಥಿಕ ಕ್ವಾರಂಟೈನ್, ಏಳನೆಯ ದಿನ ಮತ್ತೆ ಕಡ್ಡಿ ಎಂಬ ಆದೇಶ.

ತೂಮಿನಾಡಿನ ಒಬ್ಬ ಹುಡುಗನನ್ನು ಲೆಕ್ಕಕ್ಕೆ ಹಿಡಿಯಿರಿ. ಮನೆಯಿಂದ ಗಡಿ ಕೂಗಿದರೆ ಕೇಳುವಷ್ಟು ಹತ್ತಿರ. 15 ದಿನಕ್ಕೊಂದು ಪರೀಕ್ಷೆ. ಮೂಗು ಕೊಡಲಿಕ್ಕೆ ಅರ್ಧ ದಿನ, ವರದಿಗೆ ಕಾಯಲಿಕ್ಕೆ ಒಂದು ದಿನ, ಕೆಲವೊಮ್ಮೆ ಎರಡು. ತಿಂಗಳಿಗೆ ಮೂರು ನಾಲ್ಕು ದಿನ ಹೀಗೆಯೇ ಹೋಯಿತು. ಸರಕಾರಿ ಆಸ್ಪತ್ರೆಯಲ್ಲಿ ಫ್ರೀ, ಆದರೆ ಕ್ಯೂ. ಖಾಸಗಿ ಲ್ಯಾಬಿಗೆ ಹೋದರೆ ಕಾಸು. ಕೇರಳದಲ್ಲಿ ಖಾಸಗಿ ದರ 2021ರ ಏಪ್ರಿಲ್ ಕೊನೆಗೆ 500 ರೂಪಾಯಿಗೆ ಇಳಿಯುವ ತನಕ 1,700 ಇತ್ತು. ಒಂದು ತಿಂಗಳಲ್ಲಿ ಎರಡು ಸಲ 1,700 ಎಂದರೆ ಕೂಲಿ ಮನೆಗೆ ಎಷ್ಟು ದಿನದ ಅಕ್ಕಿ ಬೇಳೆ ಎಂಬುದನ್ನು ಆದೇಶ ಬರೆದವರು ಯೋಚಿಸಿದ್ದರೋ ಇಲ್ಲವೋ.

ವರ್ಷದ ಹಿಂದೆ ಇದೇ ಗಡಿಗೆ ಬಸ್ಸು ಕಳಿಸಿ ಮಕ್ಕಳನ್ನು ಕರೆತಂದವರು ಇವರೇ. ಅದು ಎಸ್‌ಎಸ್‌ಎಲ್‌ಸಿಯ ಜೂನ್. ಇದು ಬರೀ ಪಾಠದ ಆಗಸ್ಟ್.

ಕಡ್ಡಿ ಹೇಳುವುದೇನು?

ಇಷ್ಟಕ್ಕೂ ಆ ಕಡ್ಡಿ ಏನು ಹೇಳುತ್ತದೆ? ಆ ದಿನ, ಆ ಹೊತ್ತಿಗೆ ಮೂಗಿನಲ್ಲಿ ವೈರಸ್ಸಿನ ಗುರುತು ಇತ್ತೇ ಇಲ್ಲವೇ ಎಂದು ಹೇಳುತ್ತದೆ. ಅದು ಫೋಟೋ ಇದ್ದ ಹಾಗೆ. ಸೋಮವಾರ ನೆಗೆಟಿವ್ ಬಂದ ಹುಡುಗನಿಗೆ ಮಂಗಳವಾರ ಬಸ್ಸಿನಲ್ಲಿ ಸೋಂಕು ತಗುಲಬಹುದು. ಅವನ ಕಿಸೆಯಲ್ಲಿ ಇನ್ನೂ 13 ದಿನ ಓಡುವ ನೆಗೆಟಿವ್ ಚೀಟಿ ಇರುತ್ತದೆ. ಚೀಟಿ ಪೊಲೀಸರನ್ನು ದಾಟಿಸುತ್ತದೆ, ವೈರಸ್ಸಿಗೆ ಅದು ಓದಲಿಕ್ಕೆ ಬರುವುದಿಲ್ಲ.

ಎರಡು ಬಗೆಯ ಪರೀಕ್ಷೆ ಇದ್ದದ್ದು ಓದುಗರಿಗೆ ನೆನಪಿರಬಹುದು. ರ‍್ಯಾಪಿಡ್ ಆಂಟಿಜನ್ ಎಂಬುದು ಅರ್ಧ ಗಂಟೆಯೊಳಗೆ ಅಲ್ಲಿಯೇ ಫಲಿತಾಂಶ ಕೊಡುತ್ತದೆ. ವೈರಸ್ ಕಡಿಮೆ ಇದ್ದರೆ ತಪ್ಪಿಸಿಕೊಳ್ಳುತ್ತದೆ, ಆದರೆ ಇನ್ನೊಬ್ಬರಿಗೆ ಹರಡುವಷ್ಟು ಇದ್ದರೆ ಹೆಚ್ಚಾಗಿ ಸಿಕ್ಕಿಬೀಳುತ್ತದೆ. ಆರ್‌ಟಿ-ಪಿಸಿಆರ್ ಬಹಳ ಸೂಕ್ಷ್ಮ. ಲ್ಯಾಬಿಗೆ ಹೋಗಬೇಕು, ಹೊತ್ತು ಹಿಡಿಯುತ್ತದೆ. ಅದರ ಒಂದು ತೊಡಕು ಎಂದರೆ ಕಾಯಿಲೆ ಗುಣವಾಗಿ ವಾರಗಳಾದರೂ ಸತ್ತ ವೈರಸ್ಸಿನ ಚೂರು ಹಿಡಿದು ಪಾಸಿಟಿವ್ ಎನ್ನಬಹುದು. ಗುಣವಾದ ಮಗುವಿಗೆ 'ನೆಗೆಟಿವ್ ತಂದರೆ ಮಾತ್ರ ಕ್ಲಾಸಿಗೆ' ಎಂದರೆ ಆ ಮಗು ಸುಮ್ಮನೆ ಇನ್ನೂ ಕೆಲವು ವಾರ ಮನೆಯಲ್ಲಿ ಕೂರಬೇಕಾಗುತ್ತದೆ.

ಇದನ್ನೆಲ್ಲ ಐಸಿಎಂಆರ್ 2021ರ ಮೇ 4ರಂದೇ ಬರೆದು ಕಳಿಸಿತ್ತು. ಒಮ್ಮೆ ಪಾಸಿಟಿವ್ ಬಂದವರಿಗೆ ಮತ್ತೆ ಆರ್‌ಟಿ-ಪಿಸಿಆರ್ ಮಾಡಬೇಡಿ ಎಂದಿತ್ತು. ರಾಜ್ಯದಿಂದ ರಾಜ್ಯಕ್ಕೆ ಹೋಗುವ ಆರೋಗ್ಯವಂತರಿಗೆ ಈ ಪರೀಕ್ಷೆಯ ಕಡ್ಡಾಯವನ್ನು ಪೂರ್ತಿ ತೆಗೆದುಹಾಕಬಹುದು ಎಂದೂ ಇತ್ತು. ಲ್ಯಾಬುಗಳ ಮೇಲಿನ ಹೊರೆ ತಗ್ಗಲಿ ಎಂಬ ಕಾರಣಕ್ಕೆ ಕೊಟ್ಟ ಸಲಹೆ ಅದು, ನಿಜ. ಆದರೂ ಮೂರೇ ತಿಂಗಳಲ್ಲಿ ತಲಪಾಡಿಯಲ್ಲಿ ಶಾಲಾ ಚೀಲದ ಹುಡುಗನಿಂದ ಚೀಟಿ ಕೇಳುವಾಗ ಈ ಸಲಹೆ ಯಾವ ಕಪಾಟಿನಲ್ಲಿತ್ತು? 2022ರ ಜನವರಿ 10ಕ್ಕೆ ಐಸಿಎಂಆರ್ ಇನ್ನೂ ಮುಂದೆ ಹೋಗಿ, ಸೋಂಕಿತರ ಸಂಪರ್ಕಕ್ಕೆ ಬಂದವರಲ್ಲಿಯೂ ವಯಸ್ಸು ಅಥವಾ ಬೇರೆ ಕಾಯಿಲೆಯಿಂದ ಅಪಾಯ ಹೆಚ್ಚಿರುವವರನ್ನು ಬಿಟ್ಟರೆ ಉಳಿದವರಿಗೆ ಪರೀಕ್ಷೆ ಬೇಡ ಎಂದಿತು.

ಹಾಗಾದರೆ ಪರೀಕ್ಷೆಯೇ ಬೇಡವೇ? ಬೇಕು. ಹಾಸ್ಟೆಲ್ ಶಾಲೆಗಳಲ್ಲಿ ಅದು ಉಪಯೋಗಕ್ಕೆ ಬಂತು. 2021ರ ಅಕ್ಟೋಬರಿನಲ್ಲಿ ಮಡಿಕೇರಿ ಹತ್ತಿರದ ಗಾಳಿಬೀಡು ನವೋದಯ ಶಾಲೆಯಲ್ಲಿ ಎಲ್ಲರನ್ನೂ ಪರೀಕ್ಷೆ ಮಾಡಿದಾಗ 32 ಮಕ್ಕಳಿಗೆ ಪಾಸಿಟಿವ್. ಡಿಸೆಂಬರಿನಲ್ಲಿ ಚಿಕ್ಕಮಗಳೂರು ಜಿಲ್ಲೆಯ ಸೀಗೋಡು ನವೋದಯದಲ್ಲಿ ಮಕ್ಕಳು, ಸಿಬ್ಬಂದಿ ಸೇರಿ ನೂರರ ಗಡಿ ದಾಟಿತು. ಒಂದೇ ಕೋಣೆಯಲ್ಲಿ ಮಲಗಿ, ಒಂದೇ ಪಂಕ್ತಿಯಲ್ಲಿ ಉಣ್ಣುವ ಮಕ್ಕಳು. ಇಲ್ಲಿ ಎಲ್ಲರನ್ನೂ ಪರೀಕ್ಷಿಸಿ, ಇದ್ದವರನ್ನು ಇಲ್ಲದವರಿಂದ ಬೇರೆ ಮಾಡುವುದಕ್ಕೆ ಅರ್ಥ ಉಂಟು. ದಿನಾ ಮನೆಗೆ ಹೋಗುವ ಹುಡುಗನ ಕತೆ ಬೇರೆ. ಇಬ್ಬರಿಗೂ ಒಂದೇ ಚೀಟಿ ಎಂದರೆ ನಿಯಮ ಕಣ್ಣು ಮುಚ್ಚಿಕೊಂಡಿದೆ ಎಂದರ್ಥ.

ಬೆಂಚಿನವರೋ, ಇಡೀ ಶಾಲೆಯೋ?

ಈ ಎಡವಟ್ಟು ನಮ್ಮ ಊರಿಗೇ ಮೀಸಲು ಎಂದು ತಿಳಿಯಬೇಡಿ. ಇಂಗ್ಲೆಂಡಿನಂಥ ಇಂಗ್ಲೆಂಡಿನಲ್ಲಿ ಮಕ್ಕಳನ್ನು 'ಬಬಲ್' ಎಂಬ ಗುಂಪುಗಳಾಗಿ ಮಾಡಿ, ಒಬ್ಬನಿಗೆ ಸೋಂಕು ಬಂದರೆ ಇಡೀ ಗುಂಪನ್ನು ಹತ್ತು ದಿನ ಮನೆಗೆ ಕಳಿಸುತ್ತಿದ್ದರು. 2021ರ ಜುಲೈ ಮಧ್ಯಕ್ಕೆ ಈ ಕಾರಣದಿಂದ ಶಾಲೆಗೆ ಬಾರದ ಮಕ್ಕಳ ಸಂಖ್ಯೆ ಹತ್ತು ಲಕ್ಷ ದಾಟಿತು. ಅವರಲ್ಲಿ ಹೆಚ್ಚಿನವರಿಗೆ ರೋಗವೇ ಇರಲಿಲ್ಲ.

ಆದರೆ ಅವರು ಒಂದು ಕೆಲಸ ಮಾಡಿದರು. ಬೇರೆ ದಾರಿ ಇದೆಯೇ ಎಂದು ಪರೀಕ್ಷೆ ಮಾಡಿ ನೋಡಿದರು. 201 ಶಾಲೆಗಳನ್ನು ಆರಿಸಿ ಎರಡು ಭಾಗ ಮಾಡಿದರು. ಒಂದು ಭಾಗದಲ್ಲಿ ಹಳೆಯ ಪದ್ಧತಿ, ಹತ್ತು ದಿನ ಮನೆ. ಇನ್ನೊಂದರಲ್ಲಿ ಸೋಂಕಿತನ ಜತೆ ಇದ್ದವರು ದಿನಾ ಬೆಳಿಗ್ಗೆ ಶಾಲೆಯಲ್ಲಿಯೇ ಆಂಟಿಜನ್ ಪರೀಕ್ಷೆ ಮಾಡಿಸಿಕೊಂಡು, ನೆಗೆಟಿವ್ ಇದ್ದರೆ ಕ್ಲಾಸಿಗೆ ಹೋಗುವುದು. ಕೊನೆಗೆ ನೋಡಿದರೆ ಎರಡು ಕಡೆ ಸೋಂಕಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಜತೆಯಲ್ಲಿ ಕೂತವರಲ್ಲಿ ನೂರಕ್ಕೆ ಸುಮಾರು 98 ಮಂದಿಗೆ ರೋಗ ಬಂದೇ ಇರಲಿಲ್ಲ. ಆ ಸೆಪ್ಟೆಂಬರಿನಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇದು ಅಚ್ಚಾಯಿತು. ಗುಂಪನ್ನು ಮನೆಗೆ ಕಳಿಸುವ ಪದ್ಧತಿಯನ್ನು ಇಂಗ್ಲೆಂಡ್ ಜುಲೈಯಲ್ಲಿಯೇ ಕೈಬಿಟ್ಟಿತ್ತು.

ಅವರ ಹಾಗೆ ದಿನಾ ಕಿಟ್ ಹಂಚುವ ದುಡ್ಡು ನಮ್ಮಲ್ಲಿಲ್ಲ, ಒಪ್ಪೋಣ. ಆದರೆ ಒಬ್ಬನಿಗೆ ಬಂದರೆ ಅವನ ಬೆಂಚಿನವರು ಮನೆಗೋ, ಇಡೀ ಶಾಲೆಯೋ ಎಂದು ಯೋಚಿಸಲಿಕ್ಕೆ ದುಡ್ಡು ಬೇಡ. 2022ರ ಜನವರಿಯಲ್ಲಿ ಒಮಿಕ್ರಾನ್ ಬಂದಾಗ ಬೆಂಗಳೂರಿನಲ್ಲಿ ಹತ್ತನೆಯವರು, ಪಿಯುಸಿಯವರನ್ನು ಬಿಟ್ಟು ಉಳಿದವರಿಗೆ ಜನವರಿ 6ರಿಂದ ತಿಂಗಳ ಕೊನೆಯ ತನಕ ಶಾಲೆ ಬಂದ್. ಆ ಹೊತ್ತಿಗೆ ದೊಡ್ಡವರ ಹೋಮ್ ಐಸೋಲೇಷನನ್ನೇ ಕೇಂದ್ರ ಸರಕಾರ ಏಳು ದಿನಕ್ಕೆ ಇಳಿಸಿತ್ತು. ಪಾಸಿಟಿವ್ ಬಂದ ಗುಮಾಸ್ತ ಏಳು ದಿನಕ್ಕೆ ಆಫೀಸಿಗೆ ಹೋಗಬಹುದು, ನೆಗೆಟಿವ್ ಇದ್ದ ಅವನ ಮಗಳು ಮೂರು ವಾರ ಮನೆಯಲ್ಲಿ!

ಕಳೆದುಹೋದದ್ದು

ಇದರಿಂದ ಏನು ಹೋಯಿತು? ಅಜೀಂ ಪ್ರೇಮ್‌ಜಿ ಫೌಂಡೇಶನಿನವರು 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ 1,137 ಸರಕಾರಿ ಶಾಲೆಗಳ 16,067 ಮಕ್ಕಳನ್ನು ನೋಡಿದರು. ನೂರಕ್ಕೆ 92 ಮಕ್ಕಳು ಹಿಂದಿನ ವರ್ಷ ಬರುತ್ತಿದ್ದ ಭಾಷೆಯ ಒಂದಾದರೂ ಸಾಮರ್ಥ್ಯವನ್ನು ಮರೆತಿದ್ದರು. ಲೆಕ್ಕದಲ್ಲಿ ಹಾಗೆ ಮರೆತವರು ನೂರಕ್ಕೆ 82. ಓದಿದ್ದನ್ನು ತನ್ನ ಮಾತಿನಲ್ಲಿ ಹೇಳುತ್ತಿದ್ದ ಮಗುವಿಗೆ ಈಗ ಹೇಳಲಿಕ್ಕೆ ಬರುವುದಿಲ್ಲ. ಕೂಡಿಸಿ ಕಳೆಯುತ್ತಿದ್ದ ಮಗು ಬೆರಳು ಹಿಡಿದು ಕೂತಿದೆ. ಇದು ಎರಡನೆಯ ಅಲೆಗಿಂತಲೂ ಮೊದಲಿನ ಲೆಕ್ಕ. ಆಮೇಲೆ ಇನ್ನೊಂದು ಅರ್ಧ ವರ್ಷ ಹೋಯಿತು.

ಆನ್‌ಲೈನ್ ಇತ್ತಲ್ಲ ಎನ್ನುವವರು ಸುಳ್ಯ ತಾಲೂಕನ್ನು ನೆನಪಿಸಿಕೊಳ್ಳಲಿ. 2021ರ ಜೂನಿನಲ್ಲಿ ಗುತ್ತಿಗಾರು ಕಡೆ ನೆಟ್‌ವರ್ಕ್ ಸಿಗುವ ಮಾರ್ಗದ ಬದಿಯಲ್ಲಿ ಕೂತು ಪಾಠ ಕೇಳುವ ಮಗಳಿಗೆ ಸುರಿವ ಮಳೆಯಲ್ಲಿ ಕೊಡೆ ಹಿಡಿದು ನಿಂತ ಅಪ್ಪನ ಫೋಟೋ ದೇಶವೆಲ್ಲ ಸುತ್ತಿತು. ಫೋಟೋ ನೋಡಿ ಎಲ್ಲರೂ ಅಯ್ಯೋ ಎಂದರು. ಅಪ್ಪನಿಗೆ ರಜೆ ಇಲ್ಲದ ಮನೆಯ ಮಗಳಿಗೆ ಕೊಡೆ ಹಿಡಿಯುವವರು ಯಾರು ಎಂದು ಕೇಳಿದವರು ಕಡಿಮೆ.

ಬಿಸಿಯೂಟವೂ ಹೋಯಿತು. ಬದಲಿಗೆ ಅಕ್ಕಿ ಬೇಳೆ ಕೊಟ್ಟರು. ಅಕ್ಕಿ ಮನೆಗೆ ಬಂದರೆ ಅದು ಮನೆಮಂದಿಯ ಅಕ್ಕಿಯಾಗುತ್ತದೆ. ಶಾಲೆಯಲ್ಲಿ ಬಡಿಸಿದ ಅನ್ನ ಮಾತ್ರ ಮಗುವಿನ ಹೊಟ್ಟೆಗೇ ಹೋಗುತ್ತದೆ.

ಮುಂದಿನ ಸಲಕ್ಕೆ

ಮುಂದಿನ ಸಲ ಎಂಬುದು ದೂರದ ಮಾತಲ್ಲ. 2023ರ ಸೆಪ್ಟೆಂಬರಿನಲ್ಲಿ ನಿಫಾ ಬಂದು ಕೋಝಿಕ್ಕೋಡಿನ ಶಾಲೆಗಳು ಕೆಲವು ದಿನ ಮುಚ್ಚಿದವು. ಕೋಝಿಕ್ಕೋಡು ನಮಗೆ ರೈಲಿನಲ್ಲಿ ಒಂದು ಮಧ್ಯಾಹ್ನದ ದಾರಿ. ಆಗಿನ ಗುಲ್ಲು ತಣ್ಣಗಾಯಿತು ಎಂದು ಕೈಕಟ್ಟಿ ಕೂತರೆ ಮತ್ತೆ ರಾತ್ರಿ ಹತ್ತು ಗಂಟೆಗೆ ವಾಟ್ಸ್‌ಆ್ಯಪಿನಲ್ಲಿ ಸುತ್ತೋಲೆ ಬರುತ್ತದೆ, ಬೆಳಿಗ್ಗೆ ಗೇಟಿನಲ್ಲಿ ಹೆಡ್ಮಾಷ್ಟ್ರು ಹೆತ್ತವರ ಕೈಯಲ್ಲಿ ಬೈಗುಳ ತಿನ್ನುತ್ತಾರೆ.

ದೊಡ್ಡ ಯೋಜನೆ ಏನೂ ಬೇಡ. ಡಿಸಿ, ಡಿಡಿಪಿಐ, ಡಿಎಚ್‌ಒ ಒಂದು ಮಧ್ಯಾಹ್ನ ಕೂತು ಒಂದು ಪುಟದ ನಿಯಮ ಬರೆದು ಪ್ರತಿ ಶಾಲೆಯಲ್ಲಿ ಅಂಟಿಸಲಿ. ಶಾಲೆಯಲ್ಲಿ ಮಗುವಿಗೆ ಜ್ವರ ಕಂಡರೆ ಮನೆಯವರು ಬರುವ ತನಕ ಎಲ್ಲಿ ಕೂರಿಸಬೇಕು, ಜತೆಯಲ್ಲಿ ಯಾರಿರಬೇಕು. ಮನೆಗೆ ಹೋಗಬೇಕಾದವರು ಯಾರು, ಬೆಂಚಿನವರೋ, ಕ್ಲಾಸಿನವರೋ. ಹೋಗುವಾಗ ಕೈಗೆ ಕೊಡುವ ಚೀಟಿಯಲ್ಲಿ ವಾಪಸು ಬರುವ ತಾರೀಕು ಬರೆದಿರಬೇಕು. ಗುಣವಾದ ಮಗುವಿನಿಂದ ಮತ್ತೆ ವರದಿ ಕೇಳುವ ಹಾಗಿದ್ದರೆ ಡಾಕ್ಟರು ಕಾರಣ ಹೇಳಬೇಕು. ಪರೀಕ್ಷೆ ಬೇಕೇ ಬೇಕಾದರೆ ಆಶಾ ಅಕ್ಕ, ಲ್ಯಾಬಿನವರು ಶಾಲೆಗೆ ಬರಲಿ, ಕೂಲಿ ಬಿಟ್ಟು ಅಮ್ಮ ಮಗುವನ್ನು ಹೊತ್ತು ಆಸ್ಪತ್ರೆ ಸುತ್ತುವುದು ಬೇಡ. ಮನೆಯಲ್ಲಿ ಕೂತ ದಿನಗಳ ಪಾಠ ಯಾರು, ಯಾವಾಗ ಹೇಳಿಕೊಡುತ್ತಾರೆ ಎಂಬುದೂ ಅದೇ ಪುಟದಲ್ಲಿರಲಿ. ಬಿಸಿಯೂಟದ ಬದಲಿಗೆ ಏನು, ಅದು ಯಾವ ದಿನ ಸಿಗುತ್ತದೆ ಎಂಬುದೂ ಇರಲಿ.

ಗಡಿಯ ಮಕ್ಕಳಿಗೆ ಇನ್ನೊಂದು ಸಾಲು ಬೇಕು. ಮಂಗಳೂರು, ಕಾಸರಗೋಡಿನ ಅಧಿಕಾರಿಗಳು ಈಗಲೇ ಮಾತಾಡಿಕೊಂಡು, ಆ ಕಡೆ ಮಾಡಿದ ಪರೀಕ್ಷೆ ಈ ಕಡೆಗೂ ನಡೆಯುತ್ತದೆ, ಶಾಲೆಯ ಗುರುತಿನ ಚೀಟಿ ಇರುವ ಮಗುವಿಗೆ ಗಡಿಯಲ್ಲಿ ತಡೆಯಿಲ್ಲ ಎಂದು ಬರೆದುಕೊಳ್ಳಲಿ. ರೋಗ ಇಲ್ಲದ ಈ ಹೊತ್ತಿನಲ್ಲಿ ಆಗದ ಮಾತುಕತೆ ತಲಪಾಡಿಯಲ್ಲಿ ಬ್ಯಾರಿಕೇಡ್ ಬಿದ್ದ ಮೇಲೆ ಆಗುವುದುಂಟೇ?

2020ರ ಜೂನಿನಲ್ಲಿ ಬೇರೆ ಕೋಣೆ, ಬಸ್ಸು, ಮಾಸ್ಕ್ ಎಲ್ಲ ಹೊಂದಿಸಿದ ಸಿಬ್ಬಂದಿಯಲ್ಲಿ ಹಲವರು ಇನ್ನೂ ಕೆಲಸದಲ್ಲಿದ್ದಾರೆ. ಹೇಗೆ ಮಾಡುವುದೆಂದು ಅವರಿಗೆ ಗೊತ್ತುಂಟು. ಅವರು ರಿಟೈರ್ ಆಗುವ ಮೊದಲು ಅವರನ್ನು ಕೂರಿಸಿ ಈ ಒಂದು ಪುಟ ಬರೆಸಿಕೊಳ್ಳಿ ಎಂದು ಜಿಲ್ಲಾಡಳಿತವನ್ನು ಕೇಳಿಕೊಳ್ಳುತ್ತೇವೆ. ಮುಂದಿನ ಶಾಲಾ ವರ್ಷ ಶುರುವಾಗುವಾಗ ಊರಿನ ಎಸ್‌ಡಿಎಂಸಿ ಸಭೆಗೆ ಹೋಗುವ ಹೆತ್ತವರೂ ಹೆಡ್ಮಾಷ್ಟ್ರನ್ನು ಇದೇ ಕೇಳಲಿ: ಆ ಪುಟ ನಮ್ಮ ಶಾಲೆಗೆ ಬಂತೇ?